ಅಪ್ಪ ಹುರಿದ ಮಣ್ಣು

ನಮ್ಮ ಮನೆಯಲ್ಲಿ ಬೆಂಕಿಯ ಮೇಲೆ ಹೋಗಿ ಬಂದದ್ದನ್ನು ಮಾತ್ರ ನಂಬುತ್ತಿದ್ದರು. ಬಸವಕಲ್ಯಾಣದಲ್ಲಿ ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ ಅಪ್ಪನ ಭಟ್ಟಿ ಇತ್ತು. ಕಡಲೆ ಹುರಿದು ಪುಠಾಣಿ ಮಾಡುವುದು, ಶೇಂಗಾ ಹುರಿಯುವುದು, ಪಂಚಮಿ ಹತ್ತಿರ ಬಂದಾಗ ಓಣಿಯವರು ತಂದ ಜೋಳವನ್ನು ಅರಳಿಸಿ ಅಳ್ಳು ಮಾಡಿ ಕೊಡುವುದು ಅವನ ಕಸುಬು. ಮನೆಯ ಮುಂದಿನ ಖೋಲಿಯೇ ಭಟ್ಟಿ. ಅದರ ಹಿಂದೆ ಪಡಸಾಲೆ, ಪಡಸಾಲೆಯ ಒಂದು ಮಗ್ಗುಲಿಗೆ ಅಡುಗೆಮನೆ, ಆಮೇಲೆ ಅಂಗಳ, ಅಂಗಳದ ಮೂಲೆಯಲ್ಲಿ ಪಾತ್ರೆ ತಿಕ್ಕುವ ಕಲ್ಲು. ಹೊಗೆ ಮುಂಬಾಗಿಲಿಂದ ಹಿತ್ತಲಿನವರೆಗೆ ಮನೆಯ ನಡುವೆಯೇ ಹಾದು ಹೋಗುತ್ತಿತ್ತು. ಮಾಳಿಗೆಯ ತೊಲೆಗಳು ಕಪ್ಪಾಗಿದ್ದವು. ಅವ್ವ ಎಷ್ಟು ಸುಣ್ಣ ಹಚ್ಚಿದರೂ ಗೋಡೆಗಳು ಸ್ವಲ್ಪ ದಿನಕ್ಕೇ ತಂಬಾಕಿನ ಬಣ್ಣಕ್ಕೆ ತಿರುಗುತ್ತಿದ್ದವು. ನಮ್ಮ ಬಟ್ಟೆ, ಹಾಸಿಗೆ, ನನ್ನ ಜಡೆ, ಪಾಟಿಚೀಲ ಎಲ್ಲಕ್ಕೂ ಹುರಿದ ಕಡಲೆಯ ವಾಸನೆ. ಶಾಲೆಯಲ್ಲಿ ನನ್ನನ್ನು ಪುಠಾಣಿ ಎಂದೇ ಕರೆಯುತ್ತಿದ್ದರು. ಅಪ್ಪ ಬೇರೆ ಊರಿಗೆ ಹೋದರೆ ಅಲ್ಲಿ ಸುಟ್ಟದ್ದು, ಹುರಿದದ್ದು ಮಾತ್ರ ತಿನ್ನುತ್ತಿದ್ದ. ಊಟದಲ್ಲಿ ಹಸಿ ಮೂಲಂಗಿ ಇಟ್ಟರೆ ಅದನ್ನು ತಟ್ಟೆಯ ಅಂಚಿಗೆ ಸರಿಸಿ, ಮಳೆಗಾಲ ಮುಗಿಯಲಿ, ನೋಡೋಣ ಎನ್ನುತ್ತಿದ್ದ.

ಈ ಅಧ್ಯಾಯದಲ್ಲಿ ನಾನು ನನ್ನ ಪ್ರಯೋಗಾಲಯದ ಮೊದಲ ವರ್ಷಗಳ ಬಗ್ಗೆ ಬರೆಯಬೇಕೆಂದಿದ್ದೆ. ಗಿಡದ ಬೇರಿನೊಳಗೆ ಬದುಕುವ ಶಿಲೀಂಧ್ರಗಳನ್ನು ನೋಡುತ್ತ ನನ್ನ ಕೆಲಸದ ಆಯುಷ್ಯವೆಲ್ಲ ಕಳೆದಿದೆ, ಅದನ್ನು ಕ್ರಮವಾಗಿ ಬರೆದಿಡಿ ಎಂದು ನನ್ನ ವಿದ್ಯಾರ್ಥಿಗಳು ಒತ್ತಾಯ ಮಾಡಿದ್ದರು. ಬರೆಯಲು ಕುಳಿತೆ. ಆದರೆ ಈ ಸಲದ ಚಳಿಗಾಲದಲ್ಲಿ ನನ್ನ ಅಕ್ಕ ಹುಮನಾಬಾದಿನಲ್ಲಿ ತೀರಿಕೊಂಡಳು. ಅಂದಿನಿಂದ ಯಾವ ಕ್ರಮವೂ ಕೈಗೆ ಹತ್ತುತ್ತಿಲ್ಲ. ಕಾಗದದ ಮುಂದೆ ಕುಳಿತರೆ ದಣಿವಾಗುತ್ತದೆ, ಎದ್ದರೂ ದಣಿವಾಗುತ್ತದೆ. ಅವಳಿಲ್ಲದ ಮೇಲೆ ನಮ್ಮ ಆ ಮನೆಯನ್ನು ಕಂಡವಳು ನಾನೊಬ್ಬಳೇ. ಅಪ್ಪ ಅವ್ವ ಹೋಗಿ ಬಹಳ ಕಾಲವಾಯಿತು, ಮನೆ ಬೇರೆಯವರದಾಗಿ ಭಟ್ಟಿಯ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಆ ಮನೆಯಿಂದ ಹೊರಟು ಇನ್ನೂ ಜೀವದಿಂದಿರುವುದು ಎರಡೇ. ಒಂದು ನಾನು. ಇನ್ನೊಂದು ಹುಮನಾಬಾದಿನಲ್ಲಿ ಅಕ್ಕನ ಅಂಗಳದಲ್ಲಿರುವ ನಿಂಬೆ ಗಿಡ. ಪ್ರಯೋಗಾಲಯದ ಮಾತು ಬರೆಯುವುದಾದರೂ ಆ ಗಿಡದಿಂದಲೇ ಶುರು ಮಾಡಬೇಕು.

ಅಕ್ಕನ ಹೆಸರು ಕಸ್ತೂರಿ. ನನಗಿಂತ ಬಹಳ ದೊಡ್ಡವಳು. ಅವ್ವನಿಗೆ ಭಟ್ಟಿಯ ಕಾಳು ಹಸನು ಮಾಡುವುದರಲ್ಲೇ ದಿನ ಹೋಗುತ್ತಿದ್ದುದರಿಂದ ನನ್ನ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು, ಅಕ್ಷರ ತಿದ್ದಿಸಿದ್ದು ಎಲ್ಲ ಅವಳೇ. ಬೆಳಿಗ್ಗೆ ಅಪ್ಪ ಲಿಂಗಪೂಜೆ ಮುಗಿಸಿ ಭಟ್ಟಿಗೆ ಬೆಂಕಿ ಹಾಕುವಷ್ಟರಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಒಳಗೆ ರೊಟ್ಟಿಯ ಸದ್ದು, ಹೊರಗೆ ಬಿಸಿ ಮರಳಿನಲ್ಲಿ ಕಡಲೆ ಸಿಡಿಯುವ ಸದ್ದು. ಈಗಲೂ ಎಚ್ಚರವಾಗುವ ಮುಂಚಿನ ಗಳಿಗೆಯಲ್ಲಿ ಎರಡೂ ಕೂಡಿ ಕೇಳಿಸುತ್ತವೆ. ಭಟ್ಟಿಗೆ ಉರುವಲು ತೊಗರಿ ಕಟ್ಟಿಗೆ. ಸುಗ್ಗಿ ಮುಗಿದ ಮೇಲೆ ರಾಜೇಶ್ವರ, ಕೊಹಿನೂರದ ಕಡೆಯ ರೈತರು ಬಂಡಿಯಲ್ಲಿ ಹೇರಿ ತಂದು ಹಿತ್ತಲಲ್ಲಿ ಒಟ್ಟುತ್ತಿದ್ದರು. ಎಷ್ಟೋ ಕಟ್ಟಿಗೆಗಳು ಬೇರಿನ ಸಮೇತ ಇರುತ್ತಿದ್ದವು, ಬೇರಿಗೆ ಹೊಲದ ಮಣ್ಣಿನ ಹೆಂಟೆ ಅಂಟಿರುತ್ತಿತ್ತು. ಒಲೆಗೆ ಹಾಕುವ ಮೊದಲು ಆ ಹೆಂಟೆಯನ್ನು ಕಲ್ಲಿಗೆ ಬಡಿದು ಉದುರಿಸುವುದು ನನ್ನ ಪಾಲಿನ ಕೆಲಸ. ಬೇರು ಮುರಿದು, ಅದರೊಳಗೆ ಏನಿದೆ ಎಂದು ಇಣುಕುವುದು ನನಗೆ ಬಂದ ರೋಗ. ಅಕ್ಕ ನೋಡಿ ನಗುತ್ತಿದ್ದಳು.

"ಬೇರಿನಾಗ ಏನು ಬಂಗಾರ ಅದೇನ? ಸಿಕ್ಕರ ನನಗ ಒಂದು ಬೋರಮಾಳ ಮಾಡಸು."

ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಮದುವೆಯಾಗಿ ಹೋಗುವ ಹುಡುಗಿ ತಾನೇ ಬೀಜ ಹಾಕಿ ಬೆಳೆಸಿದ ನಿಂಬೆ ಸಸಿಯನ್ನು ಜೊತೆಗೆ ಒಯ್ಯಬೇಕು. ಅಪ್ಪನ ತಾಯಿ ಹಾಗೆ ತಂದಿದ್ದಳಂತೆ, ಅವ್ವನೂ ತಂದಿದ್ದಳು. ಹೊಸ ಸೊಸೆ ಉಪ್ಪಿನಕಾಯಿಗೆ ಹುಳಿ ಬೇಕೆಂದು ಯಾರ ಮುಂದೆಯೂ ಕೈ ಚಾಚಬಾರದು ಎನ್ನುವುದು ಅದರ ಕಾರಣ. ಅಕ್ಕನಿಗೆ ಹುಮನಾಬಾದಿನ ಮನೆತನದಿಂದ ಮಾತು ಬಂದಾಗ ಅವಳೂ ಬೀಜ ಹಾಕಿದಳು. ಗೆದ್ದಲು ತಿಂದು ಹಾಕಿತು. ಮತ್ತೆ ಹಾಕಿದಳು, ಅದನ್ನೂ ತಿಂದಿತು. ನಮ್ಮ ಹಿತ್ತಲಿನ ತೊಗರಿ ಕಟ್ಟಿಗೆಯ ರಾಶಿಯೇ ಗೆದ್ದಲಿನ ಊರಾಗಿತ್ತು. ಆಗ ಅಪ್ಪನಿಗೆ ಒಂದು ಯೋಚನೆ ಬಂತು. ಇಂಥ ಯೋಚನೆ ಭಟ್ಟಿಯವನಿಗಲ್ಲದೆ ಬೇರೆ ಯಾರಿಗೂ ಬರಲಾರದು. ಕಡಲೆಯಲ್ಲಿ ಹುಳ ಬಿದ್ದರೆ ಹುರಿದರೆ ಸಾಯುತ್ತದೆ, ಮಣ್ಣಿನಲ್ಲಿ ಹುಳವಿದ್ದರೆ ಮಣ್ಣನ್ನೂ ಹುರಿದರಾಯಿತು. ಒಂದು ದಿನ ಕಾಳಿನ ಕೆಲಸ ಮುಗಿದ ಮೇಲೆ, ಅಂಗಳದ ಮಣ್ಣು ಅಗೆದು, ಜರಡಿ ಹಿಡಿದು, ದೊಡ್ಡ ಬಾಣಲೆಗೆ ಸುರುವಿದ. ಅಪ್ಪನ ಜೊತೆ ಭಟ್ಟಿಯಲ್ಲಿ ದುಡಿಯುತ್ತಿದ್ದ ಮೆಹಬೂಬ ಚಾಚಾ ಉದ್ದ ಹಿಡಿಯ ಸಟ್ಟುಗದಿಂದ ಅದನ್ನು ತಿರುವತೊಡಗಿದರು. ಸ್ವಲ್ಪ ಹೊತ್ತು ಸುಮ್ಮನೆ ತಿರುವಿ, ಮುಖ ಗಂಭೀರ ಮಾಡಿಕೊಂಡು ಕೇಳಿದರು.

"ಅಣ್ಣಾರ, ಇದಕ್ಕ ಉಪ್ಪು ಎಷ್ಟು ಹಾಕ್ಲಿ?"

"ನಿನ್ನ ತೆಲಿ ಮ್ಯಾಲ ಹಾಕ್ಕೊ. ಕೈ ನಿಲ್ಲಸಬ್ಯಾಡ, ತಳಾ ಹತ್ತತದ."

"ಥೋಡೆ ಅರಿಷಿಣ ಹಚ್ಚಿದ್ರ ಬಜಾರದಾಗ ಹೋಗ್ತದ ನೋಡ್ರಿ. ಬಸವಕಲ್ಯಾಣದ ಮಣ್ಣಿನ ಪುಠಾಣಿ."

ಮನೆಯಲ್ಲೆಲ್ಲ ಹೊಸ ವಾಸನೆ ಹರಡಿತು. ಮೊದಲ ಮಳೆಯ ವಾಸನೆಯ ಹಾಗೆ ಶುರುವಾಗಿ, ಕೂದಲು ಸುಟ್ಟಂಥ ವಾಸನೆಯಾಗಿ ಮುಗಿಯಿತು. ತಣ್ಣಗಾದ ಮೇಲೆ ಮಣ್ಣು ಕೆಂಪಗಾಗಿತ್ತು, ಬೆರಳಲ್ಲಿ ಹಿಡಿದರೆ ಹಿಟ್ಟಿನ ಹಾಗೆ ಜಾರುತ್ತಿತ್ತು. ಅಪ್ಪ ಅದನ್ನು ತಳಕ್ಕೆ ತೂತು ಹೊಡೆದ ಎಣ್ಣೆ ಡಬ್ಬಿಗಳಲ್ಲಿ ತುಂಬಿ, ಡಬ್ಬಿಗಳನ್ನು ಅಂಗಳದ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಒಂದು ಹೋದರೆ ಇನ್ನೊಂದಿರಲಿ ಎಂದು ಅಕ್ಕನ ಕೈಯಿಂದ ಎಲ್ಲದರಲ್ಲೂ ಬೀಜ ಹಾಕಿಸಿದ. ಎಲ್ಲ ಬೀಜಗಳೂ ಮೊಳೆತವು. ಗೆದ್ದಲಿನ ಸುಳಿವಿಲ್ಲ. ಹೋಗಿ ಬರುವವರಿಗೆಲ್ಲ ಅಪ್ಪ ಡಬ್ಬಿಗಳನ್ನು ತೋರಿಸುತ್ತಿದ್ದ.

ಆಮೇಲೆ ಸಸಿಗಳು ನಿಂತುಬಿಟ್ಟವು. ಸಾಯಲಿಲ್ಲ, ಬೆಳೆಯಲೂ ಇಲ್ಲ. ಎರಡು ನಾಲ್ಕು ಎಲೆ ಬಿಟ್ಟು ಹಾಗೇ ಕುಳಿತವು. ಮಳೆ ಶುರುವಾದ ಮೇಲಾದರೂ ಚಿಗುರಬೇಕಿತ್ತು, ಎಲೆ ಹಳದಿಯಾಯಿತು. ಅಪ್ಪ ಹಿಂಡಿ ಕದಡಿ ಹಾಕಿದ, ಬಿಸಿಲಿಗೆ ಸರಿಸಿದ, ನೆರಳಿಗೆ ಸರಿಸಿದ. ಏನೂ ಆಗಲಿಲ್ಲ. ಅಷ್ಟರಲ್ಲಿ ಪಂಚಮಿ ಬಂತು. ಆ ದಿನಗಳಲ್ಲಿ ನಮ್ಮ ಮನೆಗೆ ಓಣಿಯ ಅಷ್ಟೂ ಹೆಂಗಸರು ಜೋಳದ ಬುಟ್ಟಿ ಹಿಡಿದು ಬರುತ್ತಿದ್ದರು. ಅಳ್ಳು ಸಿಡಿಯುವವರೆಗೆ ಪಡಸಾಲೆಯಲ್ಲಿ ಕುಳಿತು ಊರಿನ ಸುದ್ದಿಯನ್ನೆಲ್ಲ ಹಸನು ಮಾಡುತ್ತಿದ್ದರು. ಪಡಸಾಲೆಯಿಂದ ಅಂಗಳ ಕಾಣುತ್ತಿತ್ತು, ಅಂಗಳದಲ್ಲಿ ಡಬ್ಬಿಗಳ ಸಾಲು ಕಾಣುತ್ತಿತ್ತು. ಎದುರುಮನೆಯ ಶರಣಮ್ಮ ಕಾಕಿ ಅಳ್ಳು ಬಾಯಿಗೆ ಹಾಕಿಕೊಳ್ಳುತ್ತ ಅವ್ವನನ್ನು ಕೇಳಿದಳು.

"ವೈನಿ, ಗಿಡಕ್ಕ ಕಾಮಾಲಿ ಆಗ್ಯದೇನ್ರಿ? ಬೀಗರು ಬರೋದರಾಗ ಅದಕ್ಕ ಔಷಧ ಮಾಡಸ್ರಿ."

ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ಆದರೆ ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಳಿತು ಅತ್ತಳು. ಹುಡುಗಿ ಹಚ್ಚಿದ ಗಿಡ ಏಳದಿದ್ದರೆ ಹುಡುಗಿ ಹೋದ ಮನೆಯಲ್ಲಿ ಏಳುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹುಮನಾಬಾದಿನವರು ದಸರೆಗೆ ದಿನ ಗೊತ್ತು ಮಾಡಲು ಬರುವವರಿದ್ದರು. ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ಊಟಕ್ಕೆ ಬಡಿಸುತ್ತಿದ್ದಳು, ಆದರೆ ರೊಟ್ಟಿ ತಟ್ಟೆಗೆ ಬೀಳುವ ಸದ್ದಿನಲ್ಲೇ ಎಲ್ಲವೂ ತಿಳಿಯುತ್ತಿತ್ತು. ಅಪ್ಪ ತೊಗರಿ ಬೇಳೆಯಲ್ಲಿ ರೊಟ್ಟಿ ಮುರಿದುಕೊಂಡು ತಲೆ ಎತ್ತದೆ ಉಣ್ಣುತ್ತಿದ್ದ. ಅಕ್ಕ ಮಾತ್ರ ಎಂದಿನಂತೆ ಇದ್ದಳು, ಅಥವಾ ನನಗೆ ಹಾಗೆ ಕಂಡಿತು. ಒಮ್ಮೊಮ್ಮೆ ರೊಟ್ಟಿ ಬಡಿಯುತ್ತ ಕೈ ನಿಲ್ಲಿಸಿ ಹೆಂಚನ್ನು ನೋಡುತ್ತ ಕೂತುಬಿಡುತ್ತಿದ್ದಳು. ರೊಟ್ಟಿ ಕರಕಾದ ಮೇಲೆ ನಾನು ಹೇಳಬೇಕಿತ್ತು. ಹುಮನಾಬಾದು ನಮ್ಮೂರಿಂದ ದೂರವೇನಲ್ಲ. ಬಸ್ಸಿನಲ್ಲಿ ಕುಳಿತರೆ ನಿದ್ದೆ ಹತ್ತುವುದರೊಳಗೆ ಬಂದುಬಿಡುತ್ತದೆ. ಆದರೆ ಅವಳು ಅಲ್ಲಿಯವರೆಗೆ ಒಂದು ರಾತ್ರಿಯೂ ನಮ್ಮನ್ನು ಬಿಟ್ಟು ಮಲಗಿದವಳಲ್ಲ.

ಪಾತ್ರೆ ತಿಕ್ಕುವ ಕಲ್ಲಿನ ಪಕ್ಕದಲ್ಲಿ ಒಂದು ನಿಂಬೆ ಸಸಿ ತಾನಾಗಿ ಎದ್ದಿತ್ತು. ಯಾರೋ ಹಿಂಡಿ ಎಸೆದ ಹೋಳಿನ ಬೀಜ ಇರಬೇಕು. ಯಾರೂ ನೀರು ಹಾಕದಿದ್ದರೂ ಕಡುಹಸಿರಾಗಿ, ಅಪ್ಪನ ಸಸಿಗಳ ಎರಡರಷ್ಟು ಎತ್ತರ ಬೆಳೆದಿತ್ತು. ಅದನ್ನೇ ಕಿತ್ತು ಅಕ್ಕನಿಗೆ ಕೊಟ್ಟರೆ ಆಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವ್ವ, ಅದು ಎಂಜಲ ನೀರಿನ ಗಿಡ, ಅವಳ ಕೈಯಿಂದ ಹಚ್ಚಿದ್ದೂ ಅಲ್ಲ, ಬೀಗರ ಮನೆಗೆ ಕೊಡುವಂಥದ್ದಲ್ಲ ಎಂದಳು. ಒಂದು ಸಂಜೆ ಅಪ್ಪ ಭಟ್ಟಿಯಲ್ಲಿದ್ದ, ಅವ್ವ ಕಾಳು ಆರಿಸುತ್ತಿದ್ದಳು. ಅಕ್ಕ ಪಾತ್ರೆ ತಿಕ್ಕಿ ಮುಗಿಸಿ, ಆ ಸಸಿಯ ಬುಡದಲ್ಲಿ ಬೆರಳಿಟ್ಟು ಒಂದು ಹಿಡಿ ಮಣ್ಣು ತೆಗೆದಳು. ಸಣ್ಣ ಬೇರುಗಳೂ ಅದರ ಜೊತೆ ಬಂದವು. ಕಟ್ಟೆಯ ತುದಿಯ ಡಬ್ಬಿಯ ಬಳಿ ಹೋಗಿ, ಹಳದಿ ಸಸಿಯ ಸುತ್ತ ಹುರಿದ ಮಣ್ಣನ್ನು ಕೆದಕಿ ಅದನ್ನು ಸೇರಿಸಿ, ಮೇಲೆ ಒತ್ತಿದಳು. ನಾನು ನೋಡುತ್ತಿದ್ದೆ. ಅಪ್ಪನಿಗೆ ಹೇಳಬೇಡ ಎಂದಳು. ಯಾಕೆ ಹಾಕಿದೆ ಎಂದು ಕೇಳಿದೆ. ಕೈ ತೊಳೆಯುತ್ತ ಬೆನ್ನು ಈ ಕಡೆ ಮಾಡಿಕೊಂಡೇ ಹೇಳಿದಳು.

"ಅದು ಒಂದ ಕುಂತದ ನೋಡು. ಗುರ್ತಿನವರು ಯಾರೂ ಇಲ್ಲ. ಜೋಡಿ ಯಾರರೆ ಇರ್ಲಿ ಅಂತ."

ನಾನು ಹೇಳುವ ಅಗತ್ಯ ಬರಲಿಲ್ಲ. ಹುರಿದ ಮಣ್ಣಿನ ಮೇಲೆ ಹಸಿ ಮಣ್ಣು ಉಂಡೆಯುಂಡೆಯಾಗಿ ಕಾಣುತ್ತಿತ್ತು, ಮರುದಿನವೇ ಅಪ್ಪನ ಕಣ್ಣಿಗೆ ಬಿತ್ತು. ಊಟಕ್ಕೆ ಕುಳಿತವನು ತಟ್ಟೆಗೆ ಕೈ ಹಚ್ಚದೆ, ನನ್ನ ಮಣ್ಣಿನಲ್ಲಿ ಕೈ ಹಾಕಿದವರು ಯಾರು ಎಂದು ಕೇಳಿದ. ಅವ್ವ ನನ್ನ ಕಡೆ ನೋಡಿದಳು. ಅಕ್ಕ ನೀರಿನ ತಂಬಿಗೆ ಇಡುತ್ತ, ನಾನೇ ಎಂದಳು. ಅಪ್ಪನಿಗೆ ಸಿಟ್ಟು ಬಂದರೆ ಅವನ ದನಿ ಕೆಳಗಿಳಿಯುತ್ತಿತ್ತು.

"ಇಷ್ಟು ಹಸನು ಮಾಡಿ ಕೊಟ್ಟೀನಿ. ಅದರಾಗ ಹೊಲಸು ತಂದು ಹಾಕಿದಿ. ನಾಳಿಗಿ ಗೆದ್ದಲ ತಿಂದ್ರ?"

"ತಿಂದ್ರ ತಿಂತದಪ್ಪ. ಹಸನಾದದ್ದರಾಗ ಕುಂತು ಹಸಿದು ಸಾಯೋಕಿಂತ ಅದು ಛಲೋ."

ಮನೆಯಲ್ಲಿ ಅಪ್ಪನಿಗೆ ಅಷ್ಟು ಮಾತು ಯಾರೂ ಆಡಿರಲಿಲ್ಲ. ಅವನು ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ, ಉಂಡ. ಉಂಡು ಕೈ ತೊಳೆದು, ಆ ಡಬ್ಬಿಯನ್ನು ಸಾಲಿನಿಂದ ತೆಗೆದು ದೂರ ಇಟ್ಟ. ಅದು ನಿಂದು, ಇವು ನನ್ನವು, ನೋಡೋಣ ಎಂದ. ಅಂದಿನಿಂದ ಶಾಲೆಯಿಂದ ಬಂದವಳೇ ನಾನು ಅಂಗಳಕ್ಕೆ ಓಡುತ್ತಿದ್ದೆ. ಬಹಳ ದಿನ ಏನೂ ಆಗಲಿಲ್ಲ. ಮೆಹಬೂಬ ಚಾಚಾ ಎರಡೂ ಪಕ್ಷಕ್ಕೆ ಸಮಾಧಾನ ಹೇಳುತ್ತ, ಎರಡೂ ಕಡೆಯಿಂದ ಚಹಾ ಕುಡಿಯುತ್ತಿದ್ದರು. ಕೊನೆಗೆ ಒಂದು ದಿನ ಅಕ್ಕನ ಸಸಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಹಳೆಯ ಎಲೆಗಳು ಹಳದಿಯಾಗಿಯೇ ಇದ್ದವು, ಹೊಸ ಎಲೆ ಹಸಿರು. ಅದರ ಮೇಲೆ ಇನ್ನೊಂದು. ದಸರೆಯ ಹೊತ್ತಿಗೆ ಅದು ಕೈಯಷ್ಟು ಎತ್ತರವಾಗಿತ್ತು, ಅಪ್ಪನ ಸಸಿಗಳು ಇದ್ದಲ್ಲೇ ಇದ್ದವು. ಬೀಗರು ಬಂದರು, ಅಂಗಳದಲ್ಲಿ ಕೈಕಾಲು ತೊಳೆದರು, ಗಿಡ ನೋಡಿದರು, ದಿನ ಗೊತ್ತು ಮಾಡಿ ಚುರುಮುರಿ ಸುಸಲಾ ತಿಂದು ಹೋದರು. ಅವರು ಹೋದ ಮೇಲೆ ಅಪ್ಪ ಸುಮ್ಮನೆ ಪಾತ್ರೆಯ ಕಲ್ಲಿನ ಬಳಿ ಕುಳಿತು, ಅಲ್ಲಿಯ ಮಣ್ಣು ತೆಗೆದು ತನ್ನ ಡಬ್ಬಿಗಳಿಗೆಲ್ಲ ಒಂದೊಂದು ಹಿಡಿ ಹಾಕಿದ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ನಗಲಿಲ್ಲ. ಅಪ್ಪ ಅವಳ ಕಡೆ ತಿರುಗದೆ ಹೇಳಿದ.

"ಬೆಂಕಿಗಿ ಎಲ್ಲಾ ಗೊತ್ತಿಲ್ಲ ಕಾಣ್ತದವಾ."

ಆ ಒಂದು ಹಿಡಿಯಲ್ಲಿ ಏನಿತ್ತು ಎಂದು ನಾನು ಮನೆಯವರನ್ನೆಲ್ಲ ಕೇಳಿದೆ. ಅವ್ವ, ಅನ್ನದ ಪಾತ್ರೆ ತೊಳೆದ ನೀರಿನ ಸಾರ ಎಂದಳು. ಮೆಹಬೂಬ ಚಾಚಾ, ಬಡವರ ಮನೆಯ ದುವಾ ಎಂದರು. ಅಕ್ಕ, ನಾನು ಹೇಳಿದೆನಲ್ಲ ಎಂದಳು. ಯಾರ ಉತ್ತರವೂ ನನಗೆ ಸಾಕಾಗಲಿಲ್ಲ. ನನ್ನ ಇಡೀ ಓದು, ಉದ್ಯೋಗ ಎಲ್ಲವೂ ಆ ಸಾಕಾಗದೆ ಉಳಿದದ್ದರಿಂದ ಹುಟ್ಟಿದ್ದು. ಮುಂದಿನ ಬೇಸಿಗೆಯಲ್ಲಿ ಅಕ್ಕನ ಮದುವೆಯಾಯಿತು. ಬಸ್ಸಿನ ಕಿಟಕಿಯ ಪಕ್ಕ ಕುಳಿತು ಅವಳು ಎಣ್ಣೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮುಳ್ಳು ಸೀರೆಗೆ ತಗಲದಿರಲಿ ಎಂದು ಅವ್ವ ಸಸಿಗೆ ಹಳೆಯ ಅರಿವೆ ಸುತ್ತಿದ್ದಳು. ಬಸ್ಸು ಹೋದ ಮೇಲೆ ಮನೆಗೆ ಬಂದರೆ ಕಟ್ಟೆಯ ಮೇಲೆ ಡಬ್ಬಿ ಇಟ್ಟ ಜಾಗದಲ್ಲಿ ದುಂಡನೆಯ ಕಲೆ ಉಳಿದಿತ್ತು. ಆ ಸಂಜೆ ರೊಟ್ಟಿ ನಾನು ಬಡಿದೆ. ಅಪ್ಪ ಆ ವಕ್ರ ರೊಟ್ಟಿಯನ್ನೇ ತಿಂದು ಎದ್ದ.

ಬಹಳ ವರ್ಷಗಳ ನಂತರ, ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಒಂದು ಬೇರನ್ನು ಕುದಿಸಿ, ತೊಳೆದು, ನೀಲಿ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮೊದಲ ಸಲ ಅದನ್ನು ಕಂಡೆ. ಬೇರಿನ ಒಳಗೆ ನೀಲಿ ನೂಲುಗಳು, ನೂಲಿನ ತುದಿಗಳು ಬೇರಿನ ಕೋಶದೊಳಗೆ ಹೊಕ್ಕು ಕಣ್ಣಿಗೆ ಕಾಣದಷ್ಟು ಸಣ್ಣ ಗಿಡಗಳ ಹಾಗೆ ಕವಲೊಡೆದಿದ್ದವು. ಈ ಶಿಲೀಂಧ್ರ ಮಣ್ಣಿನಲ್ಲಿ ಬೇರು ಹೋಗಲಾರದಷ್ಟು ದೂರ ಹೋಗಿ ರಂಜಕ, ಸತುವು ತಂದು ಗಿಡಕ್ಕೆ ಕೊಡುತ್ತದೆ, ಗಿಡ ತನ್ನ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಅದಕ್ಕೆ ಕೊಡುತ್ತದೆ. ನಿಂಬೆಯಂಥ ಗಿಡಗಳು ಇದಿಲ್ಲದೆ ಏಳುವುದೇ ಕಷ್ಟ. ಅಪ್ಪ ಗೆದ್ದಲಿನ ಜೊತೆ ಇದನ್ನೂ ಹುರಿದಿದ್ದ. ಅಕ್ಕ ಬೇರಿನ ತುಣುಕಿನ ಜೊತೆ ಇದನ್ನು ತಂದು ಹಾಕಿದ್ದಳು. ಈ ಕತೆಯನ್ನು ನಾನು ತರಗತಿಯಲ್ಲಿ ಹೇಳಿದಾಗೆಲ್ಲ ಯಾರಾದರೂ, ನೋಡಿ, ಹಿಂದಿನವರಿಗೆ ಎಲ್ಲ ಗೊತ್ತಿತ್ತು ಎನ್ನುತ್ತಾರೆ. ಅಕ್ಕನಿಗೆ ಗೊತ್ತಿರಲಿಲ್ಲ. ಅವಳಿಗೆ ಹೋಗಲು ಹೆದರಿಕೆಯಾಗಿತ್ತು, ಆ ಹೆದರಿಕೆಯಿಂದ ಮಾಡಿದಳು. ಗಿಡ ಮತ್ತು ಶಿಲೀಂಧ್ರದ ನಡುವೆ ಪ್ರೀತಿಯಿದೆ ಎನ್ನುವವರ ಮಾತನ್ನೂ ನಾನು ಒಪ್ಪಿಲ್ಲ. ಅದು ಕೊಟ್ಟು ಕೊಳ್ಳುವ ವ್ಯವಹಾರ. ಮಣ್ಣಿನಲ್ಲಿ ಎಲ್ಲವೂ ಹೇರಳವಾಗಿದ್ದರೆ ಗಿಡ ಆ ನಂಟನ್ನು ಕಡಿಮೆ ಮಾಡುತ್ತದೆ, ಕೆಲವು ಶಿಲೀಂಧ್ರಗಳು ಸಕ್ಕರೆ ತಿಂದು ಏನೂ ಕೊಡದೆ ಸುಮ್ಮನಿರುತ್ತವೆ.

ನನ್ನ ಕೆಲಸದ ಬಗ್ಗೆ ದೊಡ್ಡದಾಗಿ ಹೇಳುವಂಥದ್ದು ಇಲ್ಲ. ತೊಗರಿಯ ಬೇರಿನ ಮೇಲೆ ಹೆಚ್ಚು ಕೆಲಸ ಮಾಡಿದೆ. ನಿರ್ಣಾ, ರಾಜೇಶ್ವರದ ಹೊಲಗಳಲ್ಲಿ ಕುಳಿತು ಮಣ್ಣು ಅಗೆದು ಚೀಲ ತುಂಬಿದೆ. ಈ ಶಿಲೀಂಧ್ರ ಬೇರಿಲ್ಲದೆ ಬದುಕುವುದಿಲ್ಲ, ಹಾಗಾಗಿ ಕುಂಡಗಳಲ್ಲಿ ಜೋಳ ಬೆಳೆಸಿ, ಆ ಜೋಳದ ಬೇರಿನಲ್ಲಿ ಅದನ್ನು ವರ್ಷಾನುವರ್ಷ ಸಾಕಿದೆ. ಕೆಲವು ಹೊಲದಲ್ಲಿ ನಾವು ಕೊಟ್ಟದ್ದು ಹಿಡಿಯಿತು, ಕೆಲವು ಹೊಲದಲ್ಲಿ ಅಲ್ಲಿ ಮೊದಲೇ ಇದ್ದದ್ದು ನಮ್ಮದನ್ನು ಒಳಗೆ ಬಿಡಲಿಲ್ಲ. ಯಾಕೆ ಎಂದು ಇಂದಿಗೂ ಸರಿಯಾಗಿ ಹೇಳಲಾರೆ. ಒಂದು ಮಾತು ಮಾತ್ರ ನಗು ತರಿಸುತ್ತದೆ. ಪ್ರತಿಯೊಂದು ಪ್ರಯೋಗದ ಮೊದಲ ಕೆಲಸ ಮಣ್ಣನ್ನು ಹಬೆಯ ಯಂತ್ರದಲ್ಲಿಟ್ಟು, ಅದರಲ್ಲಿರುವ ಜೀವವನ್ನೆಲ್ಲ ಕೊಲ್ಲುವುದು. ಯಂತ್ರದ ಮುಚ್ಚಳ ತೆಗೆದಾಗ ಬರುವುದು ಅಪ್ಪನ ಬಾಣಲೆಯ ವಾಸನೆಯೇ. ಅಪ್ಪ ಒಮ್ಮೆ ಮಾಡಿದ ತಪ್ಪನ್ನು ನಾನು ಸಂಬಳ ತೆಗೆದುಕೊಂಡು ಆಯುಷ್ಯವೆಲ್ಲ ಮಾಡಿದೆ. ಹುಮನಾಬಾದಿನ ಕೆಂಪು ಮಣ್ಣು ಬೇಕಾದಾಗ ಅಕ್ಕನೇ ಚೀಲದಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದಳು. ಮೇಲೆ ಒಂದು ಡಬ್ಬಿ ನಿಂಬೆಯ ಉಪ್ಪಿನಕಾಯಿ ಇಲ್ಲದೆ ಆ ಚೀಲ ಎಂದೂ ಬಂದಿಲ್ಲ. ಒಮ್ಮೆ ಅವಳ ಗಿಡದ್ದೇ ಬೇರಿನ ಚಿತ್ರ ತೆಗೆದು ಒಯ್ದು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇದು ಬೂಸರಲ್ಲೇನ?"

ಹೌದು, ಒಂದು ಜಾತಿಯ ಬೂಸರೇ ಎಂದೆ.

"ಉಪ್ಪಿನಕಾಯಿಗಿ ಬಂದ್ರ ನಾ ಬಳದು ಚೆಲ್ತೀನಿ. ನೀ ಇದಕ್ಕ ಸಂಬಳ ತೊಗೊಳ್ಳಾಕತ್ತಿ. ಅಪ್ಪ ಇದ್ದಿದ್ರ ಇದನ್ನೂ ಹುರಿದು ಬಿಡ್ತಿದ್ದ."

ಅಷ್ಟಂದರೂ ಚಿತ್ರವನ್ನು ನನಗೆ ಮರಳಿ ಕೊಡಲಿಲ್ಲ. ಅಡುಗೆಮನೆಯ ಗೋಡೆಗೆ, ಲಟ್ಟಣಿಗೆ ತೂಗುಹಾಕುವ ಮೊಳೆಯ ಪಕ್ಕದಲ್ಲಿ ಅಂಟಿಸಿದಳು. ಒಗ್ಗರಣೆಯ ಹೊಗೆಗೆ ಅದು ಈಗ ಕಂದಾಗಿದೆ.

ಕಳೆದ ಮಳೆಗಾಲದಲ್ಲಿ ಅವಳಿಗೆ ಜಡ್ಡು ಹೆಚ್ಚಾಯಿತು. ನಾನು ಹೋಗಿ ಅವಳ ಮನೆಯಲ್ಲೇ ಉಳಿದೆ. ಪಡಸಾಲೆಯಲ್ಲಿ ಅವಳ ಮಂಚವನ್ನು ಅಂಗಳ ಕಾಣುವ ಹಾಗೆ ಹಾಕಿಸಿಕೊಂಡಿದ್ದಳು. ಅಲ್ಲಿಂದ ನಿಂಬೆ ಗಿಡ ಕಾಣುತ್ತಿತ್ತು. ಅದಕ್ಕೂ ವಯಸ್ಸಾಗಿತ್ತು, ತುದಿಯ ಕೊಂಬೆಗಳು ಒಣಗುತ್ತ ಬರುತ್ತಿದ್ದವು. ಭಾವ ಪ್ರತಿ ಬೆಳಿಗ್ಗೆ ಒಣಗಿದ್ದನ್ನು ಕತ್ತರಿಸಿ, ಬುಡಕ್ಕೆ ನೀರು ಹಾಕಿ, ಬಂದು ಅವಳಿಗೆ ಚಹಾ ಕುಡಿಸುತ್ತಿದ್ದರು. ನೀವು ಇದರಲ್ಲೇ ಓದಿದವರು, ಏನಾದರೂ ಮಾಡಿ ಎಂದು ಅವರು ನನಗೆ ಒಮ್ಮೆ ಹೇಳಿದರು. ಗಿಡದ ಮಾತೋ ಅಕ್ಕನ ಮಾತೋ ತಿಳಿಯಲಿಲ್ಲ. ನಾನು ಗಿಡದ ಬುಡ ಕೆದಕಿ ನೋಡಿದೆ, ಸ್ವಲ್ಪ ಗೊಬ್ಬರ ಕೊಟ್ಟೆ, ಗಾಯಗಳಿಗೆ ಔಷಧ ಹಚ್ಚಿದೆ. ಒಂದು ಮಧ್ಯಾಹ್ನ ಅವಳಿಗೆ ಅಂಬಲಿ ಕುಡಿಸುತ್ತಿದ್ದಾಗ ಕೇಳಿದಳು.

"ನಿಂಬಿ ಗಿಡ ಎಷ್ಟು ವರ್ಷ ಬಾಳ್ತದ?"

ಮಣ್ಣು ಚೆನ್ನಾಗಿದ್ದರೆ ಬಹಳ ವರ್ಷ ಎಂದೆ. ಅವಳು ಅಂಗಳದ ಕಡೆ ತಿರುಗಿದಳು.

"ಮಣ್ಣು ಛಲೋನ ಅದ. ಆದ್ರ ಸುವರ್ಣಾ, ದಣಿದದ ಅದು. ಬಿಡು, ಒತ್ತಾಯ ಮಾಡಬ್ಯಾಡ."

ಅವಳು ಹೋದ ದಿನ ಜನ ತುಂಬಿತ್ತು. ಅಂಗಳದಲ್ಲಿ ಅವಳನ್ನು ಕುಳ್ಳಿರಿಸಿ, ಹಣೆಗೆ ವಿಭೂತಿ ಹಚ್ಚಿ, ಪತ್ರಿ ಹೂ ಏರಿಸಿದ್ದರು. ಭಜನೆಯವರು ಹಾಡುತ್ತಿದ್ದರು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಹೋದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಟ್ಟು ಬರಬೇಕು. ಓಣಿಯ ಮುಸಲ್ಮಾನರೂ ಬಂದಿದ್ದರು. ಅವರಲ್ಲೂ ಮಣ್ಣು ಕೊಡುವುದೇ, ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೆಹಬೂಬ ಚಾಚಾ ಹೋದಾಗ ಅಪ್ಪನೂ ಹಾಗೆಯೇ ಕೊಟ್ಟು ಬಂದಿದ್ದ. ನನಗೆ ಅಳು ಬಂದಿರಲಿಲ್ಲ. ನಿಂಬೆಯ ಬುಡದಲ್ಲಿ ಗೋಡೆಗೆ ಒರಗಿ ಕುಳಿತಿದ್ದೆ. ಆಯುಷ್ಯವೆಲ್ಲ ಮಾಡಿದ ಕೆಲಸವನ್ನು ಕೈ ತಾನೇ ಮಾಡುತ್ತದೆ. ನೋಡಿದರೆ ನನ್ನ ಬೆರಳುಗಳು ಮೇಲಿನ ಒಣ ಮಣ್ಣನ್ನು ಸರಿಸಿ, ಸಣ್ಣ ಬೇರುಗಳಿರುವ ಕಡೆ ಹೋಗಿ, ಒಂದು ಹಿಡಿ ತೆಗೆದಿದ್ದವು. ಚೀಲವಿರಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ.

ಊರ ಹೊರಗೆ ಅವರ ಹೊಲದ ಅಂಚಿನಲ್ಲಿ ತೆಗ್ಗು ತೆಗೆದಿದ್ದರು. ಆಳದಿಂದ ಮೇಲೆ ಬಂದದ್ದು ಕೆಂಪು ಮುರುಮು, ಸಣ್ಣ ಹರಳಿನಂಥ ಸಡಿಲ ಮಣ್ಣು. ಅದರಲ್ಲಿ ಒಂದು ಬೇರಿನ ಎಳೆಯೂ ಇರಲಿಲ್ಲ, ಹಿಡಿದರೆ ಬೆರಳ ಸಂದಿಯಿಂದ ಜಾರುತ್ತಿತ್ತು. ಅಪ್ಪನ ಡಬ್ಬಿಗಳಲ್ಲಿದ್ದದ್ದು ಇದೇ ಬಣ್ಣ. ಅವಳನ್ನು ಕೆಳಗೆ ಕೂರಿಸಿದರು. ಭಾವ ಮೊದಲು ಕೊಟ್ಟರು, ಆಮೇಲೆ ಮಕ್ಕಳು. ನನ್ನ ಸರದಿ ಬಂದಾಗ ಸೆರಗಿನ ಗಂಟು ಬಿಚ್ಚಿದೆ. ಗೊಬ್ಬರ ಬೆರೆತ ಮಣ್ಣು ಕಪ್ಪಗೆ, ಹಸಿಯಾಗಿ, ಬೇರುಗಳ ಸಮೇತ ಉಂಡೆಯಾಗಿತ್ತು. ಪಕ್ಕದಲ್ಲಿದ್ದ ಭಾವನ ಕಡೆಯ ಮುದುಕಿಯೊಬ್ಬರು ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು.

"ಇಲ್ಲಿ ಮಣ್ಣು ಬೇಕಾದಷ್ಟು ಅದಲ್ಲವಾ. ಮನ್ಯಾಗಿಂದ ಯಾಕ ಕಟಗೊಂಡು ಬಂದಿ?"

"ಜೋಡಿ ಇರ್ಲಿ ಅಂತರಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಕೈ ಬಿಟ್ಟು, ಒಂದು ಹೆಜ್ಜೆ ಸರಿದು ಜಾಗ ಕೊಟ್ಟರು.